ಸತ್ಯಾಂಶ: 'ಲಾಜಿಕ್ ಪ್ರಕಾರ ಪಕ್ಕಾ' ಅನ್ನುವ ವಾದ ನಿಜಕ್ಕೂ ಪಕ್ಕಾನಾ?

ಹೀಗೊಂದು ಲಾಜಿಕ್ ಪಾಠ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದೆ: "ಕರೆಂಟ್ ಹೋದರೆ ವೈಫೈ ಹೋಗುತ್ತದೆ. ವೈಫೈ ಹೋಗಿದೆ. ಹಾಗಾಗಿ ಕರೆಂಟ್ ಹೋಗಿದೆ. ನೂರಕ್ಕೆ ನೂರು ಸರಿ!"

ಸರಿಯಲ್ಲ. ಟ್ರೂತ್ ಟೇಬಲ್ (ಪ್ರತಿ ಸಂಗತಿ ನಿಜ ಅಥವಾ ಸುಳ್ಳಾಗುವ ಎಲ್ಲ ಸಾಧ್ಯತೆಗಳನ್ನೂ ಸಾಲುಸಾಲಾಗಿ ಬರೆದ ಪಟ್ಟಿ) ಹಾಕಿದರೆ ಗೊತ್ತಾಗುತ್ತದೆ. ಇಲ್ಲಿ ಎರಡೇ ಸಂಗತಿಗಳಿವೆ, ಹಾಗಾಗಿ ಸಾಲುಗಳು ನಾಲ್ಕು: ಎರಡೂ ಹೋಗಿವೆ, ಕರೆಂಟ್ ಮಾತ್ರ ಹೋಗಿದೆ, ವೈಫೈ ಮಾತ್ರ ಹೋಗಿದೆ, ಎರಡೂ ಇವೆ. "ಹೋದರೆ ಹೋಗುತ್ತದೆ" ಅನ್ನುವ ಮಾತು ಸುಳ್ಳಾಗುವುದು ಎರಡನೇ ಸಾಲಿನಲ್ಲಿ ಮಾತ್ರ. ಈಗ ಮೂರನೆಯದನ್ನು ನೋಡಿ. ಮೊದಲ ಮಾತು ನಿಜ, ವೈಫೈ ಹೋಗಿರುವುದೂ ನಿಜ. ಆದರೆ ಕರೆಂಟ್ ಇದೆ! ಬಿಲ್ ಕಟ್ಟಿರಲಿಕ್ಕಿಲ್ಲ, ಅಷ್ಟೇ. ಆಧಾರಗಳೆಲ್ಲ ನಿಜವಾಗಿ ತೀರ್ಮಾನ ಸುಳ್ಳಾದ ಸಾಲು ಒಂದೇ ಒಂದು ಸಿಕ್ಕರೂ ವಾದ ಬಿದ್ದಂತೆ.

"ವೈಫೈ ಹೋಗಿಲ್ಲ, ಹಾಗಾಗಿ ಕರೆಂಟ್ ಹೋಗಿಲ್ಲ" ಅಂದರೆ? ಅಂಥ ಕೆಟ್ಟ ಸಾಲು ಸಿಗುವುದಿಲ್ಲ. ವಾದ ಸಿಂಧು, ಅಂದರೆ ಆಧಾರಗಳು ನಿಜವಾಗಿದ್ದರೆ ತೀರ್ಮಾನವೂ ನಿಜವಾಗಲೇಬೇಕು. ಆದರೆ ನಿಮ್ಮ ಮನೆಯ ರೌಟರ್ ಯುಪಿಎಸ್ ಮೇಲಿದ್ದರೆ ಮೊದಲ ಮಾತೇ ಸುಳ್ಳು, ಅಲ್ವಾ? ಕತ್ತಲಲ್ಲಿ ಕೂತೂ ವೈಫೈ ಬರಬಹುದು. ವಾದ ಆಗಲೂ ಸಿಂಧುವೇ! ಜಾಸ್ತಿ ಜನ ಎಡವುವುದು ಇಲ್ಲೇ. ಟೇಬಲ್ ನೋಡುವುದು ವಾದದ ಕಟ್ಟನ್ನು, ಆಧಾರ ನಿಜವೋ ಅನ್ನುವುದನ್ನಲ್ಲ.

ಇನ್ನೊಂದು ತೊಡಕಿದೆ. ಪ್ರತಿ ಹೊಸ ಸಂಗತಿಗೂ ಸಾಲುಗಳು ಎರಡರಷ್ಟಾಗುತ್ತವೆ. 10 ಸಂಗತಿಗೆ 1,024 ಸಾಲು, 20ಕ್ಕೆ 10,48,576. ಅಷ್ಟು ಹೊತ್ತಿಗೆ ಪೆನ್ನು ಕೆಳಗಿಟ್ಟು ಕಂಪ್ಯೂಟರ್‌ಗೆ ಕೊಡುವುದೇ ವಾಸಿ.