ಮೇನ್ ರೋಡ್ ಸೈಟು

ಕೀಬೋರ್ಡಿನಲ್ಲೂ ಸೈಟುಗಳಿವೆ. ಎ ಅಕ್ಷರದ ಎಡಕ್ಕೆ, ಕಿರುಬೆರಳು ಸ್ವಲ್ಪ ವಾಲಿದರೆ ಸಿಗುವ ಜಾಗ ಮೇನ್ ರೋಡ್ ಸೈಟು. ಅಲ್ಲಿ ಹೆಚ್ಚುಕಡಿಮೆ ಎರಡು ಕೀಲಿಯಷ್ಟು ಅಗಲಕ್ಕೆ ಕಾಲು ಚಾಚಿ ಮಲಗಿರುವುದು ಕ್ಯಾಪ್ಸ್ ಲಾಕ್. ದಿನವಿಡೀ ಕಾಪಿ, ಪೇಸ್ಟ್, ಸೇವ್ ಎಂದು ದುಡಿಯುವ ಕಂಟ್ರೋಲ್ ಮಾತ್ರ ಕೆಳಗಿನ ಮೂಲೆಯಲ್ಲಿ, ಚರಂಡಿ ಪಕ್ಕದ ಮನೆಯಲ್ಲಿ.

ಕನ್ನಡ ಬರೆಯುವವರಿಗಂತೂ ಈ ಕ್ಯಾಪ್ಸ್ ಲಾಕ್ ಯಾಕೆ ಬೇಕು? ನಮ್ಮ ಅಕ್ಷರಗಳಲ್ಲಿ ದೊಡ್ಡದು ಚಿಕ್ಕದು ಎಂಬ ಭೇದವೇ ಇಲ್ಲ. ಶಿಫ್ಟ್ ಬೇಕು ನಿಜ. ಕೆ. ಪಿ. ರಾವ್ ಅವರ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ ಕ ಒತ್ತುವ ಕೀಲಿಯೇ ಶಿಫ್ಟ್ ಜೊತೆಗೆ ಖ ಆಗುತ್ತದೆ, ಗ ಹೋಗಿ ಘ ಆಗುತ್ತದೆ. ಆದರೆ ಸಾಲುಸಾಲು ಮಹಾಪ್ರಾಣವನ್ನೇ ಬರೆಯುವ ಪ್ರಸಂಗ ಯಾರಿಗೆ ಬರುತ್ತದೆ? 'ಬರಹ' ತಂತ್ರಾಂಶದಲ್ಲಿ ಒಮ್ಮೆ ಗೊತ್ತಿಲ್ಲದೆ ಕ್ಯಾಪ್ಸ್ ಲಾಕ್ ಒತ್ತಿ 'ಕನ್ನಡ' ಎಂದು ಟೈಪ್ ಮಾಡಿದೆ. 'ಖಾಣ್ಣಾದಾ' ಎಂದು ಬಂತು. ಯಾವುದೋ ಪೌರಾಣಿಕ ನಾಟಕದ ರಾಕ್ಷಸ ಕೂಗಿದ ಹಾಗಿತ್ತು.

ಸಂಜೆಯಾದರೆ ಎಡಗೈ ಕಿರುಬೆರಳು ನೋಯಲು ಶುರುವಾದಾಗ ಗೆಳೆಯನೊಬ್ಬ ಹೇಳಿದ, ಕ್ಯಾಪ್ಸ್ ಲಾಕನ್ನೇ ಕಂಟ್ರೋಲ್ ಮಾಡಿಕೊ ಅಂತ. ಮ್ಯಾಕ್‌ನಲ್ಲಿ ಸೆಟ್ಟಿಂಗ್ಸ್‌ನೊಳಗೇ ಅದಕ್ಕೆ ಜಾಗವಿದೆ. ಲಿನಕ್ಸ್‌ನಲ್ಲಿ ಒಂದು ಸಾಲು ಬರೆದರೆ ಆಯಿತು. ವಿಂಡೋಸ್‌ನಲ್ಲಿ ಮೊದಲೆಲ್ಲ ರಿಜಿಸ್ಟ್ರಿ ಎಂಬ ಒಳಗಿನ ದಾಖಲೆಗೆ ಕೈಹಾಕಬೇಕಿತ್ತು, ಈಗ ಪವರ್‌ಟಾಯ್ಸ್ ಎಂಬ ತಂತ್ರಾಂಶ ಸಾಕು. ಐದು ನಿಮಿಷದ ಕೆಲಸ. ಕೀಲಿಯ ಮೇಲೆ ಹೆಸರು ಹಾಗೇ ಇದೆ, ಖಾತೆ ಮಾತ್ರ ಬದಲಾಯಿತು. ಇದೇನು ಒತ್ತುವರಿಯಲ್ಲ, ತಿಳಿದಿರಲಿ. 1981ರಲ್ಲಿ ಐಬಿಎಂ ಪಿಸಿ ಬಂದಾಗ ಎ ಪಕ್ಕದಲ್ಲಿ ಇದ್ದದ್ದು ಕಂಟ್ರೋಲೇ. ಕ್ಯಾಪ್ಸ್ ಲಾಕ್ ಕೆಳಗೆ, ಸ್ಪೇಸ್ ಬಾರ್‌ನ ಬಲಕ್ಕಿತ್ತು. ಆಮೇಲೆ 101 ಕೀಲಿಗಳ ಕೀಬೋರ್ಡ್ ಬಂತು, ಇಬ್ಬರೂ ಮನೆ ಬದಲಾಯಿಸಿದರು. ನಾನು ಹಳೇ ಮಾಲೀಕನಿಗೆ ಆಸ್ತಿ ಬಿಡಿಸಿಕೊಟ್ಟೆ, ಅಷ್ಟೇ.

ಬೆರಳು ಹದಿನೈದು ದಿನದಲ್ಲಿ ಕಲಿಯಿತು. ಕಲಿತದ್ದೇ ತಪ್ಪಾಯಿತು.

ಒಂದು ದಿನ ಆಫೀಸಿನಲ್ಲಿ ಪಕ್ಕದವರ ಕಂಪ್ಯೂಟರಿನಲ್ಲಿ ಏನೋ ಸಹಾಯ ಮಾಡಲು ಕೂತೆ. ಅವರು ಬೆಳಗಿನಿಂದ ಬರೆದ ವರದಿ ಪೂರ್ತಿ ಆಯ್ದುಕೊಂಡು, ಕಾಪಿ ಮಾಡೋಣ ಅಂತ ನನ್ನ 'ಕಂಟ್ರೋಲ್' ಜೊತೆ ಸಿ ಒತ್ತಿದೆ. ವರದಿ ಮಾಯ. ಬಿಳಿ ಹಾಳೆಯ ಮೇಲೆ ಒಂದೇ ಒಂದು ದೊಡ್ಡ ಸಿ. ಗಾಬರಿಯಲ್ಲಿ ಹಿಂದಕ್ಕೆ ತರೋಣ ಎಂದು ಮತ್ತೆ ಅದೇ ಕೀಲಿ, ಜೊತೆಗೆ ಜೆಡ್. ಪಕ್ಕದಲ್ಲೊಂದು ಚಿಕ್ಕ ಜೆಡ್ ಬಂದು ಕೂತಿತು. ಅವರು ನನ್ನ ಮುಖ ನೋಡಿದರು. ನಾನು ಕೀಬೋರ್ಡ್ ಕಡೆ ಬಗ್ಗಿ, ಪರರ ಮನೆಯಲ್ಲಿ ಕತ್ತಲಲ್ಲಿ ಸ್ವಿಚ್ ಹುಡುಕುವವನ ಹಾಗೆ, ನಿಜವಾದ ಕಂಟ್ರೋಲ್ ಹುಡುಕಿದೆ. ವರದಿ ವಾಪಸ್ ಬಂತು. ಮತ್ತೆ ಅವರು ಸಹಾಯ ಕೇಳಿಲ್ಲ.

ನಮ್ಮ ಅತ್ತೆ ಟೈಪ್‌ರೈಟರ್ ಕಾಲದಲ್ಲಿ ಜೂನಿಯರ್ ಟೈಪಿಂಗ್ ಪಾಸಾದವರು. ಟೈಪ್‌ರೈಟರಿನಲ್ಲಿ ಶಿಫ್ಟ್ ಅಂದರೆ ನಿಜಕ್ಕೂ ಜರುಗಿಸುವುದೇ. ಒತ್ತಿದರೆ ಯಂತ್ರದ ಭಾರವಾದ ಭಾಗವೇ ಜಾಗ ಬಿಟ್ಟು ಜರುಗಬೇಕು. ಆ ಭಾರವನ್ನು ಇಡೀ ಸಾಲಿಗೆ ಕಿರುಬೆರಳು ಹೊರಲಾರದು ಎಂದೇ ಅಲ್ಲಿ ಶಿಫ್ಟ್ ಲಾಕ್ ಎಂಬ ಬೀಗ ಇತ್ತು. ಕ್ಯಾಪ್ಸ್ ಲಾಕ್ ಅದರದೇ ವಂಶ.

ಮೊನ್ನೆ ಹೆಂಡತಿ ನನ್ನ ಲ್ಯಾಪ್‌ಟಾಪ್ ತೆಗೆದುಕೊಂಡು ಯಾವುದೋ ಅರ್ಜಿ ತುಂಬುತ್ತಿದ್ದಳು. ಎಲ್ಲಾ ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಇರಬೇಕಂತೆ. ಕ್ಯಾಪ್ಸ್ ಲಾಕ್ ಒತ್ತಿದಳು, ಏನೂ ಆಗಲಿಲ್ಲ. ಮತ್ತೆ ಒತ್ತಿದಳು. "ರೀ, ಇದು ಕೆಟ್ಟು ಹೋಗಿದೆ" ಅಂದಳು. ನಾನು ಖಾತೆ ಬದಲಾವಣೆಯ ಕಥೆ ಪೂರ್ತಿ ಹೇಳಿದೆ. ಅವಳು ಉತ್ತರ ಕೊಡದೆ ಶಿಫ್ಟ್ ಹಿಡಿದುಕೊಂಡೇ ಅಪ್ಪನ ಹೆಸರು, ಊರು, ಅಂಚೆ, ತಾಲ್ಲೂಕು, ಜಿಲ್ಲೆ ಎಲ್ಲ ಹೊಡೆದು ಮುಗಿಸಿದಳು. ಆಮೇಲೆ ಎಡಗೈ ಕೊಡವಿ, ಕಿರುಬೆರಳು ನೀವಿಕೊಳ್ಳುತ್ತಾ ಒಳಗೆ ಹೋದಳು.