ಇದ್ರಾಗ ಕೂಸಿಗೇನೈತ್ರಿ?

2020ರ ಏಪ್ರಿಲ್. ಲಾಕ್‌ಡೌನ್ ಶುರುವಾಗಿ ಎರಡು ವಾರ ಆಗಿತ್ತು. ನಾವು ಏಳೆಂಟು ಗೆಳೆಯರು ದುಡ್ಡು ಸೇರಿಸಿ, ಬೆಂಗಳೂರಿನ ರಿಂಗ್ ರೋಡ್ ಆಚೆ ಇದ್ದ ತಗಡಿನ ಶೆಡ್‌ಗಳಿಗೆ ರೇಷನ್ ಕಿಟ್ ಹಂಚೋಕೆ ಹೋಗಿದ್ದೆವು. ಅಕ್ಕಿ, ಬೇಳೆ, ಎಣ್ಣೆ, ಉಪ್ಪು, ಖಾರದ ಪುಡಿ, ಎರಡು ಸೋಪು. ಅಲ್ಲಿದ್ದವರೆಲ್ಲ ಯಾದಗಿರಿ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಗುಳೆ ಬಂದವರು.

ಒಬ್ಬ ತಾಯಿ ಚೀಲ ಬಿಚ್ಚಿ ನೋಡಿದರು. ಸೊಂಟದ ಮೇಲೆ ವರ್ಷದ ಮಗು. "ಅಣ್ಣಾರ, ಇದ್ರಾಗ ಕೂಸಿಗೇನೈತ್ರಿ?"

ಏನೂ ಇರಲಿಲ್ಲ. ಒಂದು ಶೆಡ್‌ಗೆ ಒಂದು ಕಿಟ್ ಅಂತ ಲೆಕ್ಕ ಹಾಕಿದ್ದೆವು. ಒಳಗೆ ಎಷ್ಟು ಮಕ್ಕಳಿದ್ದಾರೆ ಅಂತ ಒಬ್ಬರೂ ಕೇಳಿರಲಿಲ್ಲ. ಮುಂದಿನ ವಾರ ಹಾಲು, ಬಾಳೆಹಣ್ಣು, ಶೇಂಗಾ, ಬೆಲ್ಲ ಒಯ್ದೆವು. ಜೋಳದ ಹಿಟ್ಟೂ ಒಯ್ದೆವು, ಯಾಕೆಂದರೆ ರೊಟ್ಟಿ ತಿನ್ನೋ ಜನಕ್ಕೆ ಬರೀ ಅಕ್ಕಿ ಹೊತ್ತು ತಂದಿದ್ದೆವು! (ಮೊದಲ ದಿನ ಕಿಟ್ ಹಿಡಿದ ಹುಡುಗಿಯೊಬ್ಬಳ ಫೋಟೋ ಈ ಪುಟದಲ್ಲೇ ಹಾಕಿದ್ದೆ. ಅವರಪ್ಪ ತೆಗೆದುಹಾಕಿ ಅಂದಮೇಲೆ ತೆಗೆದುಹಾಕಿದೆ. ಹಾಕಲೇಬಾರದಿತ್ತು.)

ಅಲ್ಲೊಬ್ಬ ಹುಡುಗ, ಒಂಬತ್ತು ಹತ್ತು ವರ್ಷ ಇರಬಹುದು, ಊರಿನ ಶಾಲೆಯಲ್ಲಿ ಊಟ, ಹಾಲು ಕೊಡ್ತಿದ್ರು ಅಂತ ಹೇಳಿದ. ರಾಜ್ಯದಲ್ಲಿ ಬಿಸಿಯೂಟ 2002ರಲ್ಲಿ ಮೊದಲು ಬಂದಿದ್ದೇ ಆ ಕಡೆಯ ಏಳು ಜಿಲ್ಲೆಗಳಿಗೆ. ಹಾಲು 2013ರಲ್ಲಿ ಬಂತು. ಆದರೆ ಊಟ ಶಾಲೆಯಲ್ಲಿ, ಹುಡುಗ ಶೆಡ್‌ನಲ್ಲಿ. ಅವನ ಹೆಸರು ಊರಿನ ಹಾಜರಿ ಪುಸ್ತಕದಲ್ಲೇ ಇತ್ತು. ಅವನು ಬೆಂಗಳೂರಿಗೆ ಬಂದು ಆಗಲೇ ಐದು ತಿಂಗಳು. ಅಂದರೆ ಅವನ ಮಧ್ಯಾಹ್ನದ ಊಟ ಲಾಕ್‌ಡೌನ್‌ಗೂ ಮೊದಲೇ ನಿಂತಿತ್ತು. ನಮಗೆ ಗೊತ್ತಾಗಿದ್ದು ಮಾತ್ರ ನಾವು ಕೆಲಸ ಇಲ್ಲದೆ ಮನೆಯಲ್ಲಿ ಕೂತಾಗ.

ಇದಕ್ಕೇ ನನಗೆ 'ತುರ್ತು ನೆರವು' ಅನ್ನೋ ಮಾತಿನ ಬಗ್ಗೆ ಸ್ವಲ್ಪ ಅನುಮಾನ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಇದು ಒಂದು ಮಳೆಗೋ ಒಂದು ಲಾಕ್‌ಡೌನ್‌ಗೋ ಆಗೋದಲ್ಲ. ದಿನಾ ಸ್ವಲ್ಪ ಸ್ವಲ್ಪ ಕಮ್ಮಿಯಾಗಿ ಆಗೋದು. ಹತ್ತು ದಿನದ ಅಕ್ಕಿ ಹತ್ತು ದಿನದ ಹಸಿವಿಗೆ ಬೇಕೇ ಬೇಕು, ಬೇಡ ಅಂತ ನಾನು ಹೇಳ್ತಿಲ್ಲ. ಹನ್ನೊಂದನೇ ದಿನ ಏನು ಅನ್ನೋದು ನನ್ನ ತಕರಾರು.

ನಮ್ಮ ಗುಂಪಿನ ಒಬ್ಬ ಗೆಳತಿ ಇದನ್ನು ಬೇಗ ಅರ್ಥ ಮಾಡಿಕೊಂಡಳು. 2021ರ ಕೊನೆಗೆ ಶಾಲೆಗಳು ತೆರೆದ ಮೇಲೆ ಅವಳು ಕಿಟ್ ಹೊರೋದು ಬಿಟ್ಟು, ಶೆಡ್‌ನ ತಾಯಂದಿರನ್ನು ಹತ್ತಿರದ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಕರೆದುಕೊಂಡು ಹೋಗೋಕೆ ಶುರು ಮಾಡಿದಳು. ಶಾಲೆಯಲ್ಲಿ ಟಿಸಿ ಕೇಳಿದರು. ಟಿಸಿ ತಡವಾದರೆ ಸೇರಿಸಿಕೊಳ್ಳದೆ ಇರುವಂತಿಲ್ಲ ಅಂತ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ, ಅದರ ಪ್ರಿಂಟ್ ತೆಗೆದುಕೊಂಡು ಮತ್ತೆ ಹೋದಳು. ಆರು ಶನಿವಾರ ಓಡಾಡಿದ ಮೇಲೆ ಸೇರಿದ್ದು ನಾಲ್ಕು ಮಕ್ಕಳು. ನಾಲ್ಕೇ. ಅದರಲ್ಲೂ ಕಟ್ಟಡದ ಕೆಲಸ ಮುಗಿದ ಮೇಲೆ ಒಂದು ಮನೆಯವರು ಬೇರೆ ಕಡೆ ಹೋದರು, ಮತ್ತೆ ಮೊದಲಿಂದ. ಆದರೂ ಆ ನಾಲ್ಕು ಮಕ್ಕಳಿಗೆ ಮಧ್ಯಾಹ್ನ ಬಿಸಿಯೂಟ ಸಿಕ್ಕಿತು, ಅದೂ ನಮ್ಮ ಜೇಬಿನ ದುಡ್ಡಲ್ಲಿ ಅಲ್ಲ, ಅವರ ಹಕ್ಕಿನದ್ದು. ನಾವು ಹಂಚಿದ ಕಿಟ್‌ಗಳೆಲ್ಲಕ್ಕಿಂತ ಇದೇ ದೊಡ್ಡ ಕೆಲಸ ಅಂತ ನನಗನ್ನಿಸುತ್ತೆ.

ಮೊನ್ನೆ ಮಳೆಗೆ ಶೆಡ್‌ಗಳಿಗೆ ನೀರು ನುಗ್ಗಿತು. ಮಲಗಿದ್ದ ನಮ್ಮ ವಾಟ್ಸಾಪ್ ಗ್ರೂಪ್ ಎದ್ದಿತು. ಒಂದು ಗಂಟೆಯಲ್ಲಿ ಹದಿನೆಂಟು ಸಾವಿರ ಬಂತು. "ದುಡ್ಡು ಸಾಕು. ಶಾಲೆ, ಅಂಗನವಾಡಿ ಓಡಾಟಕ್ಕೆ ನಾಲ್ಕು ಶನಿವಾರ ಯಾರು ಬರ್ತೀರಾ?" ಅಂತ ಹಾಕಿದೆ.

ಇದುವರೆಗೆ ಎರಡು ಹೆಸರು ಬಂದಿವೆ. ಒಂದು ನಂದೇ.