ಉತ್ತರೆಯ ಅಳುವಿಗೆ ಹಾಡಿದೆ, ದ್ರೌಪದಿಯ ಸಿಟ್ಟಿಗೆ ಹೊತ್ತಿಲ್ಲ

ನಮ್ಮದು ತುಮಕೂರು ಜಿಲ್ಲೆಯ ಗುಬ್ಬಿ ಸೀಮೆ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ನೆಲ. ನಾನೀಗ ಇರುವುದು ಪುಣೆಯಲ್ಲಿ. ಇಲ್ಲಿಯವರಿಗೂ ನಾಟಕದ ಹುಚ್ಚು ಜಾಸ್ತಿಯೇ. ಎರಡೂ ಕಡೆಯ ನಾಟಕ ನೋಡುವಾಗ ನನ್ನ ಗಮನ ಹೋಗುವುದು ಹೆಂಡತಿಯ ಪಾತ್ರದ ಮೇಲೆ. ಅವಳಿಂದ ಏನು ಬಯಸುತ್ತೇವೆ ಅನ್ನೋದನ್ನ ನಾಟಕ ಬಾಯಿಬಿಟ್ಟು ಹೇಳುವುದು ಕಡಿಮೆ. ಹಾಡಿನಲ್ಲಿ, ಉಡುಪಿನಲ್ಲಿ, ಕೊನೆಗೆ ಬರುವ ದೇವರಲ್ಲಿ ಅದನ್ನು ಹೇಳಿಬಿಡುತ್ತದೆ.

ನಮ್ಮ ಕಡೆ ಊರೂರಲ್ಲೂ ಆಡುವ ಕುರುಕ್ಷೇತ್ರವನ್ನೇ ನೋಡಿ. ಬಾಡಿಗೆಗೆ ಸೀನರಿ ಬರುತ್ತದೆ, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿಸುತ್ತಾರೆ. ಊರಿನ ಗಂಡಸರು ದುಡ್ಡು ಕೊಟ್ಟು ಪಾತ್ರ ಹಿಡಿಯುತ್ತಾರೆ. ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಆಟ ಬೆಳಗಿನ ಜಾವದವರೆಗೂ ನಡೆಯುತ್ತದೆ. ಚಾಪೆ ಮೇಲೆ ಮಕ್ಕಳನ್ನು ಮಲಗಿಸಿಕೊಂಡು ತೂಕಡಿಸುವ ಹೆಂಗಸರೂ ಎದ್ದು ಕೂರುವುದು ಅಭಿಮನ್ಯು ಯುದ್ಧಕ್ಕೆ ಹೊರಟಾಗ. ಉತ್ತರೆ ತಡೆಯುತ್ತಾಳೆ, ಬೇಡಿಕೊಳ್ಳುತ್ತಾಳೆ, ಹಾಡುತ್ತಾಳೆ. ಗಂಡನೂ ಹಾಡುತ್ತಾನೆ. ಒನ್ಸ್ ಮೋರ್ ಬೀಳುತ್ತದೆ, ನೋಟು ಬರುತ್ತದೆ, ಇಬ್ಬರೂ ಮತ್ತೆ ಹಾಡುತ್ತಾರೆ.

ಆ ಹಾಡು ಮಾಡುವ ಕೆಲಸ ಏನು? ಉತ್ತರೆ ಕೇಳುತ್ತಿರುವುದು ತನ್ನ ಬದುಕಿನ ಪ್ರಶ್ನೆ. ಬಸುರಿ ಹುಡುಗಿ ಅವಳು. ನೀನು ಹೋದರೆ ನನ್ನ ಗತಿ ಏನು ಅಂತ ಕೇಳುತ್ತಿದ್ದಾಳೆ. ಅದಕ್ಕೆ ಉತ್ತರ ಬರಬೇಕಾದ ಜಾಗದಲ್ಲಿ ರಾಗ ಬರುತ್ತದೆ. ನಾವು ರಾಗಕ್ಕೆ ಕಣ್ಣೀರು ಹಾಕುತ್ತೇವೆ, ಪ್ರಶ್ನೆ ಹಾಗೇ ಉಳಿಯುತ್ತದೆ. ಅತ್ತು ಕಳಿಸಿಕೊಡುವವಳೇ ಒಳ್ಳೆಯ ಹೆಂಡತಿ ಅನ್ನೋ ಮಾತು ಮಾತ್ರ ಮನಸ್ಸಿನೊಳಗೆ ಇಳಿದುಬಿಡುತ್ತದೆ.

ದ್ರೌಪದಿಯ ವಿಷಯ ಇನ್ನೂ ಕಷ್ಟ. ಅವಳ ಬಿಚ್ಚಿದ ಮುಡಿಯೇ ದೊಡ್ಡ ಸಂಕೇತ. ಕೃಷ್ಣ ಸಂಧಿಗೆ ಹೊರಟಾಗ, ಈ ಮುಡಿಯನ್ನು ಮರೆಯಬೇಡ ಅನ್ನುತ್ತಾಳೆ. ಗಂಡಂದಿರ ಮುಂದೆ ಸಿಟ್ಟನ್ನು ತೋರಿಸಿ ನಿಲ್ಲುವ ಹೆಂಡತಿ ನಮ್ಮ ಊರ ರಂಗದ ಮೇಲೆ ಇವಳನ್ನು ಬಿಟ್ಟರೆ ಎಷ್ಟು ಜನ? ಆದರೆ ಹೊತ್ತು ಮೀರಿದರೆ ಮೊದಲು ಮೊಟಕಾಗುವುದು ಇವಳ ಮಾತು. ದುರ್ಯೋಧನನ ಪಾತ್ರ ಹಿಡಿದವನು ಹೆಚ್ಚು ದುಡ್ಡು ಕೊಟ್ಟಿರುತ್ತಾನೆ, ಅವನು ಹಾಡುವ ಪದ್ಯಗಳಾದ ಕಂದ, ವೃತ್ತ ಒಂದನ್ನೂ ಮುಟ್ಟುವ ಹಾಗಿಲ್ಲ. ಹೊರಗಿನಿಂದ ಬಂದ ಕಲಾವಿದೆಯ ಪರವಾಗಿ ಕೇಳುವವರು ಯಾರೂ ಇರುವುದಿಲ್ಲ. ಇಡೀ ಪಾತ್ರ ಅವರಿಗೆ ಬಾಯಿಪಾಠ. ಆದರೂ ಮೇಷ್ಟ್ರು ಕೈಸನ್ನೆ ಮಾಡಿದ ಕಡೆ ನಿಲ್ಲಿಸುತ್ತಾರೆ. ಇದು ನನಗೆ ಬಹಳ ನೋವು ಕೊಡುತ್ತದೆ.

ಇನ್ನು ಹರಿಶ್ಚಂದ್ರ. ಚಂದ್ರಮತಿ ಮಾರಾಟವಾಗುತ್ತಾಳೆ, ಮಗನನ್ನು ಕಳೆದುಕೊಳ್ಳುತ್ತಾಳೆ, ಕೊನೆಗೆ ಗಂಡನ ಕತ್ತಿಗೇ ಕೊರಳು ಕೊಡುತ್ತಾಳೆ. ಆಗ ದೇವರು ಬಂದು ತಡೆಯುತ್ತಾನೆ. ನಾವು ಕೈ ಮುಗಿದು ಎದ್ದು ಬರುತ್ತೇವೆ. ಗಂಡನ ಸತ್ಯಕ್ಕೆ ಹೆಂಡತಿ ಯಾಕೆ ಬೆಲೆ ತೆರಬೇಕು ಅಂತ ಕೇಳುವಷ್ಟರಲ್ಲಿ ಮಂಗಳ ಹಾಡಿಬಿಟ್ಟಿರುತ್ತಾರೆ.

ಮರಾಠಿಯವರ 'ಏಕಚ್ ಪ್ಯಾಲಾ' ಇಲ್ಲೇ ಬೇರೆಯಾಗುತ್ತದೆ. 1919ರಲ್ಲಿ ರಂಗಕ್ಕೆ ಬಂದ ನಾಟಕ. ಬರೆದವರು ರಾಮ್ ಗಣೇಶ್ ಗಡಕರಿ. ಗಂಡ ಸುಧಾಕರ ಕುಡಿದು ಹಾಳಾಗುತ್ತಾನೆ, ಹೆಂಡತಿ ಸಿಂಧು ಬೀಸುವ ಕಲ್ಲು ತಿರುಗಿಸಿ ಹೊಟ್ಟೆ ಹೊರೆಯುತ್ತಾಳೆ. ಸಿಂಧುವಾಗಿ ನಿಂತವರು ಸ್ತ್ರೀ ಪಾತ್ರಕ್ಕೆ ಹೆಸರಾದ ಗಂಡು ನಟ ಬಾಲಗಂಧರ್ವರು. ರೇಷ್ಮೆ ಸೀರೆಗೆ ಹೆಸರಾದ ಅವರು ಇದರಲ್ಲಿ ತೇಪೆ ಹಾಕಿದ ಸೀರೆ ಉಟ್ಟರು. ಆ ತೇಪೆ, ಆ ಬೀಸುವ ಕಲ್ಲು ಎರಡೇ ಸಾಕು, ಪತಿವ್ರತೆ ಆಗಿರೋದಕ್ಕೆ ಎಷ್ಟು ಖರ್ಚಾಗುತ್ತದೆ ಅಂತ ಕಾಣುತ್ತದೆ. ಇಲ್ಲೂ ಹಾಡಿದೆ. ಆದರೆ ಕೊನೆಯಲ್ಲಿ ಯಾವ ದೇವರೂ ಬರುವುದಿಲ್ಲ. ಸಿಂಧು ಸಾಯುತ್ತಾಳೆ.

ಹಾಗಂತ ಅವರು ನಮಗಿಂತ ಮುಂದೆ ಅಂತ ನಾನು ಹೇಳಲಾರೆ. ಸಿಂಧು ಸಾಯುವಾಗಲೂ ಗಂಡನ ಮೇಲೆ ದೂರು ಹೇಳುವುದಿಲ್ಲ. ಅವಳಿಂದಲೂ ಬಯಸುವುದು ಸಹನೆಯನ್ನೇ. ಆದರೆ ಆ ಸಹನೆ ಅವಳನ್ನು ಕೊಂದಿದ್ದನ್ನು ನಾಟಕ ಮುಚ್ಚಿಡುವುದಿಲ್ಲ. ನೋಡಿದವರು ಅದನ್ನು ಹೊತ್ತುಕೊಂಡೇ ಮನೆಗೆ ಹೋಗಬೇಕು. ಈ ಧೈರ್ಯ ನನಗೆ ದೊಡ್ಡದಾಗಿ ಕಾಣುತ್ತದೆ.

ನಮ್ಮಲ್ಲೂ ಇನ್ನೊಂದು ದಾರಿ ಇತ್ತಲ್ವಾ? ಗುಬ್ಬಿ ಕಂಪನಿಯ 'ಸದಾರಮೆ'. ಗಂಡನಿಂದ ದೂರವಾದ ಹೆಂಡತಿ ಅಳುತ್ತಾ ಕೂರುವುದಿಲ್ಲ. ಹೊತ್ತೊಯ್ದ ಕಳ್ಳನಿಗೆ ಜಾಣತನದಿಂದ ಮಂಕುಬೂದಿ ಎರಚುತ್ತಾಳೆ, ಗಂಡು ವೇಷ ಹಾಕಿ ದಾರಿ ಹುಡುಕಿಕೊಳ್ಳುತ್ತಾಳೆ. ಗಂಡು ವೇಷ ಬೇಕೇ ಬೇಕಾಯಿತು ಅನ್ನೋದೂ ಒಂದು ಸತ್ಯ. ಹೆಣ್ಣಾಗಿಯೇ ಒಂಟಿಯಾಗಿ ನಡೆಯಲು ಆ ಲೋಕ ಬಿಡುವುದಿಲ್ಲ ಅಂತ ಆ ವೇಷವೇ ಹೇಳುತ್ತದೆ. ಆದರೂ ಪ್ರೇಕ್ಷಕರ ನಗು ಅವಳ ಪರವಾಗಿದೆ. ಅಳುವ ಹೆಂಡತಿಗೆ ಮಾತ್ರ ಚಪ್ಪಾಳೆ ಅನ್ನುವ ಕಟ್ಟು ಅಲ್ಲಿ ಮುರಿಯುತ್ತದೆ. ಕಂಪನಿಯ ಹೆಸರಾಂತ ನಟ ಗುಬ್ಬಿ ವೀರಣ್ಣನವರ ಕಳ್ಳನ ಪಾತ್ರ ಮನೆಮಾತಾಯಿತು, ಅದು ಸರಿಯೇ. ಕಳ್ಳನನ್ನು ಸೋಲಿಸಿದವಳೂ ಅಷ್ಟೇ ನೆನಪಿರಬೇಕು ಅಂತ ನನ್ನ ಆಸೆ.

ಈಗ ತುಮಕೂರಿನ ಕಡೆ ಹೆಂಗಸರೇ ಸೇರಿ ಕುರುಕ್ಷೇತ್ರ ಆಡುವುದೂ ಇದೆ. ಗದೆ ಹಿಡಿಯುವವರೂ ಅವರೇ, ಮುಡಿ ಬಿಚ್ಚಿ ನಿಲ್ಲುವವರೂ ಅವರೇ. ನನಗಂತೂ ತುಂಬಾ ಖುಷಿ. ಊರ ಮೇಷ್ಟ್ರುಗಳಲ್ಲಿ ನನ್ನದು ಒಂದೇ ಬೇಡಿಕೆ. ಉತ್ತರೆ ಹಾಡಲಿ, ಒನ್ಸ್ ಮೋರ್ ಕೂಡ ಬೀಳಲಿ. ಆದರೆ ದ್ರೌಪದಿಯ ದೃಶ್ಯವನ್ನು ಜನ ಎಚ್ಚರವಾಗಿರುವ ಹೊತ್ತಿಗೇ ತನ್ನಿ, ಅವಳ ಮಾತು ಪೂರ್ತಿ ಆಗಲಿ. ಹೊತ್ತು ಸಾಲದಿದ್ದರೆ ದುರ್ಯೋಧನನ ಎರಡು ಹಾಡು ಬಿಡಿ. ದುಡ್ಡು ಕೊಟ್ಟವರಿಗೆ ಬೇಕಾದರೆ ನಾನೇ ಸಮಾಧಾನ ಹೇಳುತ್ತೇನೆ.